ಏಳು ಗಜದಾಚೆಯ ಉಕ್ಕು

ಫೆಬ್ರುವರಿಯ ಅರಿಜೋನಾದಲ್ಲಿ ಬೆಳಗಿನ ಏಳಕ್ಕೆ ಸ್ವೆಟರು ಬೇಕೇ ಬೇಕು, ಹನ್ನೊಂದಕ್ಕೆಲ್ಲ ಅದನ್ನು ಕಳಚಿ ಸೊಂಟಕ್ಕೆ ಸುತ್ತಿಕೊಳ್ಳಬೇಕು. ಫೀನಿಕ್ಸ್ ನಗರ ಹಿಂದೆ ಬಿದ್ದು, ಹೆದ್ದಾರಿಯಿಂದ ಜಲ್ಲಿರಸ್ತೆಗೆ ಇಳಿದು, ಧೂಳೆಬ್ಬಿಸಿಕೊಂಡು ಒಂದಷ್ಟು ದೂರ ಬಂದರೆ, ಮನೆಯ ಮಾಡು ಮೀರಿ ಬೆಳೆದ ಸಗುವಾರೊ ಕಳ್ಳಿಗಳ ನಡುವೆ, ಮೂರು ಕಡೆ ಮಣ್ಣಿನ ಏರಿ ಹಾಕಿ ಒಂದು ಕಡೆ ತೆರೆದು ಬಿಟ್ಟ ಅಂಗಳಗಳು ಸಾಲಾಗಿ ಸಿಗುತ್ತವೆ. ರಾತ್ರಿ ನಾಲ್ಕು ಹನಿ ಉದುರಿರಬೇಕು; ಕ್ರಿಯೋಸೋಟ್ ಪೊದೆಗಳ ಘಾಟು ಒದ್ದೆ ಮಣ್ಣಿನ ವಾಸನೆಯ ಜತೆ ಬೆರೆತು ಮೂಗಿಗೆ ಅಡರುತ್ತದೆ. ಕಾರಿನಿಂದ ಇಳಿಯುವ ಮೊದಲೇ ಆ ಕನ್ನಡಕ ಹಾಕಿಕೊಳ್ಳಿ, ಬದಿಗಳನ್ನೂ ಮುಚ್ಚುವಂಥದ್ದು. ಬರಿಗಣ್ಣಿನಲ್ಲಿ ಇಲ್ಲಿ ಯಾರೂ ಓಡಾಡುವಂತಿಲ್ಲ. ಗುಂಡು ಹೊಡೆಯುವವರಿಗೆ ಎಷ್ಟು ಕಟ್ಟುನಿಟ್ಟೋ ಸುಮ್ಮನೆ ನೋಡಲು ಬಂದವರಿಗೂ ಅಷ್ಟೇ.

ಬರುವವರನ್ನು ನೋಡುತ್ತ ನಿಂತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಅಗಲ ಅಂಚಿನ ಟೋಪಿ, ಸವೆದ ಚರ್ಮದ ಬೂಟು, ಜೇಬುಗಡಿಯಾರದ ಸರಪಳಿ ಇಳಿಬಿಟ್ಟ ವೇಸ್ಟ್‌ಕೋಟು. ನೆಲ ಗುಡಿಸುವಷ್ಟು ಉದ್ದದ ಲಂಗ ತೊಟ್ಟ ಅಜ್ಜಿಯೊಬ್ಬರ ಸೊಂಟದಲ್ಲಿ ಎರಡು ರಿವಾಲ್ವರು. ಮರದ ಕೈಗಾಡಿಗಳಲ್ಲಿ ಕೋವಿಗಳು ನಳಿಗೆ ಮೇಲೆ ಮಾಡಿ ನೆಟ್ಟಗೆ ನಿಂತಿವೆ. ಇದು ಕೌಬಾಯ್ ಆ್ಯಕ್ಷನ್ ಶೂಟಿಂಗ್. 1980ರ ದಶಕದ ಆರಂಭದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕೆಲವು ಗೆಳೆಯರು ಶುರುಮಾಡಿದ ಆಟ. ಅದರ ನಿಯಮಗಳನ್ನು ನೋಡಿಕೊಳ್ಳುವ ಸಿಂಗಲ್ ಆ್ಯಕ್ಷನ್ ಶೂಟಿಂಗ್ ಸೊಸೈಟಿ 1987ರದ್ದು. ಇಲ್ಲಿ ಎಲ್ಲರಿಗೂ ಒಂದೊಂದು ಅಡ್ಡಹೆಸರು, ಒಬ್ಬರದು ಇನ್ನೊಬ್ಬರಿಗೆ ಸಿಗದ ಹಾಗೆ ನೋಂದಣಿಯಾದದ್ದು. ಫೀನಿಕ್ಸ್ ಪಕ್ಕದ ಬೆನ್ ಏವರಿ ಮೈದಾನದಲ್ಲಿ ವಿಂಟರ್ ರೇಂಜ್ ಎಂಬ ರಾಷ್ಟ್ರೀಯ ಪಂದ್ಯ ನಡೆಯುತ್ತದೆ. ನಾವು ಬಂದಿರುವುದು ಅಂಥ ಜಾತ್ರೆಗಲ್ಲ, ಸಣ್ಣ ಕ್ಲಬ್ಬೊಂದರ ತಿಂಗಳ ಪಂದ್ಯಕ್ಕೆ.

ವೇಷಭೂಷಣ ಕಣ್ಣು ಸೆಳೆಯುತ್ತದೆ, ನಿಜ. ಆದರೆ ನೀವು ನೋಡಬೇಕಾದದ್ದು ಏರಿಯ ಬುಡದಲ್ಲಿ ಮಂಡಿಯೂರಿ ಕುಳಿತ ಮುದುಕರೊಬ್ಬರನ್ನು. ವೇಷವಿಲ್ಲ, ಎಣ್ಣೆಕಲೆಯ ಜೀನ್ಸು, ಕೈಯಲ್ಲೊಂದು ಸ್ಪ್ಯಾನರು. ಅರ್ಧ ಆಯುಸ್ಸು ವೆಲ್ಡಿಂಗ್ ಮಾಡಿ ನಿವೃತ್ತರಾದವರು. ಪಂದ್ಯ ಶುರುವಾಗುವ ಎರಡು ತಾಸು ಮೊದಲೇ ಬಂದು ಉಕ್ಕಿನ ಪ್ಲೇಟುಗಳನ್ನು ನಿಲ್ಲಿಸುವುದು ಇವರ ಪಾಲಿನ ಕೆಲಸ. ಒಂದೊಂದು ಪ್ಲೇಟಿನ ಮುಂದೆಯೂ ಕುಳಿತು, ಕೈಗವಸು ತೆಗೆದು, ಅಂಗೈಯನ್ನು ಉಕ್ಕಿನ ಮೇಲೆ ಮೇಲಿನಿಂದ ಕೆಳಕ್ಕೆ ನಿಧಾನವಾಗಿ ಎಳೆಯುತ್ತಾರೆ. ನಂತರ ಅಡ್ಡಲಾಗಿ. ಕಣ್ಣಿಗೆ ಕಾಣದ್ದು ಅಂಗೈಗೆ ಸಿಗುತ್ತದೆ. ಐದನೆಯ ಪ್ಲೇಟಿನ ಮೇಲೆ ಕೈ ನಿಂತಿತು. ಹಿಂದಕ್ಕೆ ಬಂತು. ತೋರುಬೆರಳ ತುದಿ ಒಂದು ಕಡೆ ಸುತ್ತತೊಡಗಿತು.

"ಇಲ್ಲಿ ಬೆರಳಿಡಿ" ಎಂದರು. ಇಟ್ಟರೆ, ಮೆಣಸಿನ ಕಾಳು ಕೂರುವಷ್ಟು ಒಂದು ತಗ್ಗು, ಅದರ ಸುತ್ತ ಉಗುರಿಗೆ ತಾಗುವಂಥ ಸಣ್ಣ ಏಣು. ಯಾರೋ ಅಭ್ಯಾಸಕ್ಕೆ ಬಂದವರು ಅತಿವೇಗದ ರೈಫಲ್ಲಿನಿಂದ ಇದಕ್ಕೆ ಹೊಡೆದಿರಬೇಕೆಂದು ಅವರ ಊಹೆ. ಬೋಲ್ಟು ಬಿಚ್ಚಿ ಪ್ಲೇಟನ್ನು ಇಳಿಸಿ, ಸೀಮೆಸುಣ್ಣದಿಂದ ಅದರ ಮೇಲೆ ದೊಡ್ಡ ಅಡ್ಡಗೆರೆ ಎಳೆದು ಬದಿಗಿಟ್ಟರು. ಮಿಕ್ಕಂತೆ ಅದು ಹೊಸದರಂತೆಯೇ ಇತ್ತು.

ಅಷ್ಟು ಚಿಕ್ಕ ತಗ್ಗಿಗೆ ಇಡೀ ಪ್ಲೇಟನ್ನೇ ಏಕೆ ತೆಗೆಯಬೇಕು? ಸೀಸದ ಗುಂಡು ನಯವಾದ ಗಟ್ಟಿ ಉಕ್ಕಿಗೆ ಅಪ್ಪಳಿಸಿದಾಗ, ಗೋಡೆಗೆ ತಟ್ಟಿದ ಬೆರಣಿಯಂತೆ ಚಪ್ಪಟೆಯಾಗುತ್ತದೆ. ಅಂಚಿನಿಂದ ಹೊರಟ ಚೂರುಗಳು ಪ್ಲೇಟಿನ ಮೈಗುಂಟ ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ಚಿಮ್ಮುತ್ತವೆ. ಹೊಡೆದವನ ಕಡೆಗೆ ನೇರವಾಗಿ ಬರುವುದು ಕಡಿಮೆ. ತಗ್ಗಿನೊಳಗೆ ಬಿದ್ದ ಗುಂಡಿನ ಕಥೆಯೇ ಬೇರೆ. ಸೀಸ ಆ ಬಟ್ಟಲಿನ ಬಾಗನ್ನು ಹಿಡಿದು ತಿರುಗಿ, ಬಂದ ದಾರಿಯಲ್ಲೇ ವಾಪಸು ಹೊರಡುತ್ತದೆ. ಮೆದು ಕಬ್ಬಿಣದಲ್ಲಿ ಇಂಥ ತಗ್ಗುಗಳು ಬೇಗ ಏಳುತ್ತವೆ. ಅದಕ್ಕೇ ಎಆರ್ 500 ಎಂಬ ಉಕ್ಕು. ಗಡಸುತನ ಅಳೆಯುವ ಬ್ರಿನೆಲ್ ಮಾನದಲ್ಲಿ ಸುಮಾರು 500 ತೂಗುವಂಥದ್ದು. ಅದನ್ನೂ ಗ್ಯಾಸ್ ಟಾರ್ಚಿನಿಂದ ಕತ್ತರಿಸಿದರೆ ಅಂಚಿನ ಗಡಸು ಶಾಖಕ್ಕೆ ಇಳಿದುಹೋಗುತ್ತದೆ ಎನ್ನುವಾಗ ಮುದುಕರ ದನಿಯಲ್ಲಿ ಕಸುಬಿನವರ ಖಾತ್ರಿ ಇತ್ತು.

ಪ್ಲೇಟುಗಳನ್ನು ಅವರು ನಿಲ್ಲಿಸುವ ಬಗೆಯನ್ನೂ ಗಮನಿಸಿ. ಯಾವುದೂ ಲಂಬವಾಗಿ ನಿಂತಿಲ್ಲ. ತಲೆ ತುಸು ಮುಂದಕ್ಕೆ ಬಾಗಿದೆ. ಹಾಗೆ ಬಾಗಿದ್ದರೆ ಮುಂದಕ್ಕೆ ಚಿಮ್ಮುವ ಸೀಸ ನೆಲ ಸೇರುತ್ತದೆ. ಮುಂಬದಿಯಲ್ಲಿ ಒಂದು ನಟ್ಟೂ ಮೇಲೆದ್ದು ಕಾಣುವುದಿಲ್ಲ, ನುಣ್ಣನೆಯ ಗುಂಡುತಲೆಯ ಬೋಲ್ಟುಗಳಷ್ಟೇ. ಹೊಡೆತ ಬಿದ್ದಾಗ ಹಿಂದಕ್ಕೆ ತೂಗಾಡಲು ಜಾಗವಿದೆ. ಪ್ಲೇಟಿನ ಕೆಳಗೆ ಸಿಕ್ಕ ಮರದ ಕಾಲುಗಳನ್ನು ನೋಡಿದರೆ ಈ ಚೂರುಗಳ ಶಕ್ತಿ ಗೊತ್ತಾಗುತ್ತದೆ: ಇಲಿ ಕಡಿದಷ್ಟು ಎಂದರೆ ಸಾಲದು, ಅರ್ಧಕ್ಕರ್ಧ ಸವೆದು ಬಿಳಿಯ ತಿರುಳು ಕಾಣುತ್ತಿದೆ. ಈ ಚೂರುಗಳು ಹೆಚ್ಚಾಗಿ ಚಿಮ್ಮುವುದು ಬದಿಗೆ. ಆದ್ದರಿಂದ ಫೋಟೋ ಚೆನ್ನಾಗಿ ಬರುತ್ತದೆಂದು ಪಕ್ಕಕ್ಕೆ ಸರಿದು ಪ್ಲೇಟಿನ ಸಾಲಿಗೆ ಹೋಗುವುದು ಎಲ್ಲಕ್ಕಿಂತ ಕೆಟ್ಟ ಜಾಗವನ್ನು ಆರಿಸಿಕೊಂಡಂತೆ. ಹೊಡೆಯುವವರ ಹಿಂದೆಯೇ ಇರಿ.

ರಿವಾಲ್ವರಿನ ಗುರಿಗಳು ಏಳರಿಂದ ಹತ್ತು ಗಜದಲ್ಲಿ ನಿಂತಿವೆ. ಏಳು ಗಜವೆಂದರೆ ಇಪ್ಪತ್ತೊಂದು ಅಡಿ, ನಮ್ಮ ಹಳ್ಳಿಮನೆಗಳ ಜಗಲಿಯ ಉದ್ದ. ಅಷ್ಟು ಹತ್ತಿರದಿಂದ ಉಕ್ಕಿಗೆ ಗುಂಡು ಹೊಡೆಯಬಹುದೆಂದರೆ ಅದರ ಹಿಂದೆ ಎರಡು ಕಟ್ಟಳೆಗಳಿವೆ. ಗುಂಡು ಬರೀ ಸೀಸದ್ದಾಗಿರಬೇಕು, ತಾಮ್ರದ ಹೊದಿಕೆ ಕೂಡದು. ರಿವಾಲ್ವರಿನ ಗುಂಡಿನ ವೇಗ ಸೆಕೆಂಡಿಗೆ 1,000 ಅಡಿ ದಾಟಕೂಡದು, ರೈಫಲ್ಲಿನದು 1,400. ತಾಮ್ರದ ಹೊದಿಕೆ ಹರಿದರೆ ಬ್ಲೇಡಿನಂಥ ಚೂರಾಗುತ್ತದೆ. ಅಂಥ ಗುಂಡುಗಳಿಗೆ ಅವಕಾಶವಿರುವ ಆಧುನಿಕ ಪಿಸ್ತೂಲು ಪಂದ್ಯಗಳಲ್ಲಿ, ಅವುಗಳನ್ನು ನಡೆಸುವ ಯುಎಸ್‌ಪಿಎಸ್‌ಎ ಸಂಸ್ಥೆಯ ನಿಯಮದಂತೆ, ಉಕ್ಕಿಗೂ ಮನುಷ್ಯನಿಗೂ ಕನಿಷ್ಠ 23 ಅಡಿ ಅಂತರ ಇರಲೇಬೇಕು. ಗೆರೆ ಹಾಕುವುದಾದರೆ 26 ಅಡಿಗೆ, ಓಟದ ಭರದಲ್ಲಿ ಕಾಲು ಗೆರೆ ದಾಟಿದರೂ 23ರ ಒಳಗೆ ಬರದ ಹಾಗೆ. ಮನುಷ್ಯ ಎಡವುತ್ತಾನೆಂದು ಮೊದಲೇ ಲೆಕ್ಕ ಹಾಕಿದ ಆ ಮೂರು ಅಡಿ ನನಗೆ ಬಹಳ ಇಷ್ಟವಾಯಿತು. ಜೋಡುನಳಿಗೆ ಕೋವಿಗೂ ಸೀಸದ ಚರೆಯೇ ಆಗಬೇಕು. ಉಕ್ಕಿನ ಚರೆ ಉಕ್ಕಿಗೆ ಬಿದ್ದರೆ ಚಪ್ಪಟೆಯಾಗುವುದಿಲ್ಲ, ಪುಟಿದು ಬರುತ್ತದೆ.

ಕೊಡಗಿನವರಿಗೆ ಗುಂಡು ಹೊಡೆಯುವ ಪಂದ್ಯ ಹೊಸದೇನಲ್ಲ. ಕೈಲ್‌ಪೊಳ್ದ್ ಹಬ್ಬಕ್ಕೆ ಮರದ ಮೇಲೆ ಕಟ್ಟಿದ ತೆಂಗಿನಕಾಯಿಗೆ ಗುರಿಯಿಟ್ಟು ಬೆಳೆದವರು ಅವರು. ಕಾಯಿ ಒಡೆದು ಗುಂಡು ಮುಂದೆ ಸಾಗುತ್ತದೆ. ಅಲ್ಲಿ ಚಿಂತೆ ಗುರಿಯ ಆಚೆ ಏನಿದೆ ಎಂಬುದರದ್ದು. ಉಕ್ಕಿನ ಮುಂದೆ ನಿಂತಾಗ ಆ ಚಿಂತೆಯ ಜತೆಗೆ, ಗುರಿಯ ಈಚೆ ಯಾರಿದ್ದಾರೆ ಎಂಬುದೂ ಸೇರುತ್ತದೆ.

ಅಷ್ಟರಲ್ಲಿ ಆ ಲಂಗದ ಅಜ್ಜಿಯ ಸರದಿ ಬಂತು. ತುಂಬುವ ಮೇಜಿನ ಬಳಿ ಒಂದೊಂದು ರಿವಾಲ್ವರಿಗೂ ಐದೇ ತೋಟಾ. ಆರನೆಯ ಮನೆ ಖಾಲಿ, ಹ್ಯಾಮರು ಆ ಖಾಲಿ ಮನೆಯ ಮೇಲೆ ಕೂತಿರಬೇಕು. ಪಕ್ಕದಲ್ಲಿ ನಿಂತವನೊಬ್ಬ ಅದನ್ನು ಕಣ್ಣಾರೆ ನೋಡಿ ತಲೆಯಾಡಿಸಿದ ಮೇಲೆಯೇ ಮುಂದೆ. ಕಿವಿ ಮುಚ್ಚಿಕೊಳ್ಳಿ. ಟೈಮರು ಕೀರಲಾಗಿ ಕೂಗಿದ್ದೇ ತಡ, ಮೊದಲ ಗುಂಡು, ಅದರ ಬೆನ್ನಿಗೇ ಟಣ್ ಎಂಬ ಉಕ್ಕಿನ ದನಿ, ಢಂ ಟಣ್, ಢಂ ಟಣ್; ಎರಡು ಸದ್ದುಗಳ ನಡುವೆ ಉಸಿರೆಳೆಯಲೂ ಬಿಡುವಿಲ್ಲ. ಅಜ್ಜಿ ಕರಿಮದ್ದಿನ ಪಂಗಡದವರು. ಬಿಳಿಯ ಹೊಗೆ ದಟ್ಟವಾಗಿ ಎದ್ದು ಪ್ಲೇಟುಗಳೇ ಮರೆಯಾದವು, ಗಂಧಕದ ವಾಸನೆ ಅಂಗಳ ತುಂಬಿತು. ಗಾಳಿಯೂ ಇಲ್ಲ. ಆಕೆ ಕಾಯಲಿಲ್ಲ, ಹೊಗೆಯೊಳಗೆ ಎಲ್ಲೆಲ್ಲಿ ಏನಿದೆಯೆಂದು ಮೈಗೆ ನೆನಪಿತ್ತು. ಮೂವರು ಎಣಿಕೆಗಾರರು ಕಿವಿಯಿಂದಲೂ ಕಣ್ಣಿನಿಂದಲೂ ಲೆಕ್ಕ ಹಿಡಿದರು. ತಪ್ಪಿದ ಒಂದೊಂದು ಗುಂಡಿಗೂ ಐದು ಸೆಕೆಂಡು ದಂಡ, ಮೂವರಲ್ಲಿ ಇಬ್ಬರ ಮಾತೇ ತೀರ್ಪು. ಈ ಬಾರಿ ಮೂವರೂ ಖಾಲಿ ಮುಷ್ಟಿ ಎತ್ತಿದರು. ಒಂದೂ ತಪ್ಪಿಲ್ಲ.

ನನ್ನ ತೋಳಿನ ಮೇಲೆ ಏನೋ ಹಗುರವಾಗಿ ಬಿದ್ದಂತಾಯಿತು. ನೋಡಿದರೆ, ಅಕ್ಕಿಕಾಳಿನ ಅರ್ಧದಷ್ಟು ಬೂದುಬಣ್ಣದ ಸೀಸದ ಹಾಳೆ, ಮುಟ್ಟಿದರೆ ಮಡಿಸಿಕೊಳ್ಳುವಷ್ಟು ತೆಳು. ಅಂಗಿಯ ಬಟ್ಟೆಗೆ ಗುರುತೂ ಆಗಿಲ್ಲ. ಅದೇ ತುಣುಕು ಕಣ್ಣಿಗೆ ಬಿದ್ದಿದ್ದರೆ ಎಂದು ಯೋಚಿಸುತ್ತ ಕನ್ನಡಕವನ್ನು ಮತ್ತೆ ಮೂಗಿಗೆ ಒತ್ತಿಕೊಂಡೆ. ಟೋಪಿಯ ಅಂಚು ಅಷ್ಟು ಅಗಲವಿರುವುದು ಬರೀ ಬಿಸಿಲಿಗಲ್ಲ. ಮೇಲಿನಿಂದ ಉದುರುವ ಚೂರು ಕನ್ನಡಕದ ಹಿಂದೆ ಇಳಿಯದಂತೆಯೂ ಅದು ತಡೆಯುತ್ತದೆ.

ಮಧ್ಯಾಹ್ನ ಕೋವಿಗಳೆಲ್ಲ ಖಾಲಿಯಾಗಿ, ಪ್ರತಿ ನಳಿಗೆಯನ್ನೂ ಇನ್ನೊಬ್ಬರು ಪರೀಕ್ಷಿಸಿದ ಮೇಲೆ, ಬುತ್ತಿ ಬಿಚ್ಚುವ ಹೊತ್ತು. ಆದರೆ ಯಾರೂ ಬುತ್ತಿಗೆ ಕೈ ಹಾಕಲಿಲ್ಲ. ನೀರಿನ ಡ್ರಮ್ಮಿನ ಮುಂದೆ ಸಾಲು ನಿಂತಿತ್ತು, ಒಬ್ಬೊಬ್ಬರೂ ಮೊಣಕೈವರೆಗೆ ಸೋಪು ಹಚ್ಚಿ ತಣ್ಣೀರಿನಲ್ಲಿ ತಿಕ್ಕುತ್ತಿದ್ದರು. ಸೀಸದ ಧೂಳು ಬೆರಳಿನಿಂದ ಬಾಯಿಗೆ, ಬಾಯಿಂದ ರಕ್ತಕ್ಕೆ ಸೇರುತ್ತದೆ. ಮಕ್ಕಳಿಗಂತೂ ಅದು ಸ್ವಲ್ಪವೂ ಕೂಡದು. ಪ್ಲೇಟಿನ ಮುದುಕರು ಕೈ ತೊಳೆದು, ಮೇಲಂಗಿ ಕಳಚಿ ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಹಾಕಿ, ಬೇರೆ ಅಂಗಿ ತೊಟ್ಟುಕೊಂಡರು. ಮನೆಯಲ್ಲಿ ಮೊಮ್ಮಗಳಿದ್ದಾಳಂತೆ, ಈ ಅಂಗಿಯನ್ನು ಬೇರೆಯಾಗಿಯೇ ಒಗೆಯಬೇಕು. ಅಡ್ಡಗೆರೆ ಎಳೆದ ಪ್ಲೇಟನ್ನು ಟ್ರಕ್ಕಿಗೆ ಎತ್ತಿ ಹಾಕಲು ನನ್ನನ್ನೂ ಕರೆದರು. ಇಲ್ಲೇ ಬಿಟ್ಟರೆ ಗೊತ್ತಿಲ್ಲದ ಯಾರಾದರೂ ಮತ್ತೆ ನೇತುಹಾಕುತ್ತಾರೆ, ತಾನೇ ಗುಜರಿಗೆ ಒಯ್ದು ಕೊಡುತ್ತೇನೆ ಎಂದರು.