ಜಾಲತಾಣದ ಬಾಗಿಲು ಹಾಕಿದಾಗ ಒಳಗೆ ಯಾರಿರಬೇಕು?

ಬಸವನಗುಡಿಯ ವಿದ್ಯಾರ್ಥಿ ಭವನಕ್ಕೆ ಶುಕ್ರವಾರ ವಾರದ ರಜೆ. ಹಳೆಯ ಗಿರಾಕಿಗಳಿಗೆ ಅದು ಗೊತ್ತು. ಹೊಸಬರು ಮರುದಿನ ಬಂದರಾಯಿತೆಂದು ಹಿಂದಿರುಗುತ್ತಾರೆ. ಜಾಲತಾಣಗಳಿಗೆ ವಾರದ ರಜೆಯಿಲ್ಲ. ಆದರೂ ತಂತ್ರಾಂಶವನ್ನು ನವೀಕರಿಸಲು ಆಗಾಗ ಬಾಗಿಲು ಹಾಕಲೇಬೇಕಾಗುತ್ತದೆ. ಆಗ ಒಳಗೆ ಯಾರಿರಬೇಕು, ಹೊರಗೆ ಯಾರು ನಿಲ್ಲಬೇಕು ಎಂಬುದನ್ನು ಮೊದಲೇ ನಿರ್ಧರಿಸದಿದ್ದರೆ ಪೇಚಾಟ ತಪ್ಪಿದ್ದಲ್ಲ.

ಅಂಥದೊಂದು ಪೇಚಾಟವನ್ನು ಈ ಲೇಖಕ ಹತ್ತಿರದಿಂದ ಕಂಡಿದ್ದಾನೆ. ಹಳೆಯ ಬೆಂಗಳೂರಿನ ಸಂಗೀತ ಸಭಾ ಒಂದು ತನ್ನ ತಾಣವನ್ನು ಒಂದು ರಾತ್ರಿಯ ಮಟ್ಟಿಗೆ ಮುಚ್ಚಿತು. ಬೆಳಿಗ್ಗೆ ಕಾರ್ಯದರ್ಶಿಗಳು ತಮ್ಮ ಕಂಪ್ಯೂಟರಿನಲ್ಲಿ ನೋಡಿದರೆ ಕಛೇರಿಗಳ ಪಟ್ಟಿ, ಟಿಕೆಟ್ಟಿನ ಪುಟ ಎಲ್ಲವೂ ಸರಿಯಾಗಿಯೇ ಇದ್ದವು. ಆದರೆ ಎರಡು ದಿನ ಒಂದು ಟಿಕೆಟ್ಟೂ ಮಾರಾಟವಾಗಲಿಲ್ಲ. ಹಿರಿಯ ಸದಸ್ಯರೊಬ್ಬರು ದೂರವಾಣಿ ಮಾಡಿ, 'ಏನ್ರೀ, ಸಭಾ ಬಾಗಿಲು ಹಾಕಿಬಿಟ್ಟಿರಾ?' ಎಂದು ಕೇಳಿದಾಗಲೇ ಸಂಗತಿ ಹೊರಬಿದ್ದದ್ದು. ಆಡಳಿತಗಾರರಾಗಿ ಲಾಗಿನ್ ಆಗಿದ್ದ ಕಾರ್ಯದರ್ಶಿಗಳಿಗೆ ತಾಣ ತೆರೆದೇ ಕಾಣುತ್ತಿತ್ತು. ಮಿಕ್ಕವರಿಗೆಲ್ಲ ಬರೀ ಫಲಕ.

ಇದು ತಂತ್ರಾಂಶದ ದೋಷವಲ್ಲ, ಅದು ಕೆಲಸ ಮಾಡುವ ರೀತಿಯೇ ಹಾಗೆ. ಡ್ರೂಪಲ್‌ನಲ್ಲಿ ನಿರ್ವಹಣೆಯ ವೇಳೆ ತಾಣವನ್ನು ಬಳಸುವುದಕ್ಕೆಂದೇ ಪ್ರತ್ಯೇಕ ಅನುಮತಿಯಿದೆ. ಆ ಅನುಮತಿಯನ್ನು ಯಾವ ಪಾತ್ರಕ್ಕೆ ಕೊಟ್ಟಿದೆಯೋ ಆ ಪಾತ್ರದವರು ಮಾತ್ರ ಒಳಗೆ. ಅಪ್ಪಿತಪ್ಪಿ ಲಾಗ್‌ಔಟ್ ಆದವರೂ ಮರಳಿ ಬರಲೆಂದು ಲಾಗಿನ್ ಪುಟವನ್ನು ಅದು ತೆರೆದಿಟ್ಟಿರುತ್ತದೆ. ವರ್ಡ್‌ಪ್ರೆಸ್ ಇಷ್ಟು ಉದಾರಿಯಲ್ಲ. ನವೀಕರಣದ ವೇಳೆ ಅದು ತಾಣದ ಮೂಲ ಕೋಶದಲ್ಲಿ 'ಮೇಂಟೆನೆನ್ಸ್' ಎಂಬ ಕಡತವನ್ನಿಟ್ಟು ಆಡಳಿತಗಾರರನ್ನೂ ಹೊರಗೆ ನಿಲ್ಲಿಸುತ್ತದೆ. ನವೀಕರಣ ನಡುವೆಯೇ ಕೆಟ್ಟು ನಿಂತರೆ ಆ ಕಡತ ಅಲ್ಲಿಯೇ ಉಳಿಯುತ್ತದೆ; 10 ನಿಮಿಷ ಕಳೆದ ಮೇಲೆ ವರ್ಡ್‌ಪ್ರೆಸ್ ಅದನ್ನು ಲೆಕ್ಕಿಸುವುದಿಲ್ಲ. ಅಷ್ಟು ಕಾಯಲಾರದವರು ಕಡತವನ್ನು ಕೈಯಾರೆ ಅಳಿಸಬಹುದು.

ಪರೀಕ್ಷಿಸಿ ನೋಡುವವರಿಗೆಲ್ಲ ಆಡಳಿತಗಾರರ ಪಾಸ್‌ವರ್ಡ್ ಹಂಚುವ ಪದ್ಧತಿ ನಮ್ಮ ಸಂಘಸಂಸ್ಥೆಗಳಲ್ಲಿ ಸಾಮಾನ್ಯ. ಅದು ಸಲ್ಲದು. ಒಳಗೆ ಬರುವ ಅನುಮತಿ ಬೇರೆ, ಒಳಗಿನದನ್ನು ಬದಲಿಸುವ ಅಧಿಕಾರ ಬೇರೆ. ಮೊದಲನೆಯದಷ್ಟೇ ಇರುವ ಪಾತ್ರವೊಂದನ್ನು ಸೃಷ್ಟಿಸಿ, ಕೆಲಸ ಮುಗಿದೊಡನೆ ಹಿಂಪಡೆಯುವುದು ಮೇಲು.

ಎಲ್ಲ ಸಂದರ್ಭದಲ್ಲೂ ಪೂರ್ಣವಾಗಿ ಮುಚ್ಚಬೇಕೆಂದೇನೂ ಇಲ್ಲ. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯವನ್ನೇ ನೋಡಿ. ವಿಕಿಮೀಡಿಯ ಪ್ರತಿಷ್ಠಾನವು ಮಾರ್ಚ್ ಮತ್ತು ಸೆಪ್ಟೆಂಬರ್ ತಿಂಗಳುಗಳಲ್ಲಿ ತನ್ನ ತಾಣಗಳ ಕಾರ್ಯಭಾರವನ್ನು ಅಮೆರಿಕದ ವರ್ಜೀನಿಯ ಮತ್ತು ಟೆಕ್ಸಾಸ್‌ಗಳ ದತ್ತಾಂಶ ಕೇಂದ್ರಗಳ ನಡುವೆ ಅದಲುಬದಲು ಮಾಡುತ್ತದೆ. ಆ ಕೆಲವು ನಿಮಿಷ ಓದುವುದಕ್ಕೆ ಅಡ್ಡಿಯಿಲ್ಲ. ಬರೆಯುವುದು ಮಾತ್ರ ಎಲ್ಲರಿಗೂ ಬಂದ್, ನಿರ್ವಾಹಕರಿಗೂ ವಿನಾಯಿತಿಯಿಲ್ಲ. ದತ್ತಾಂಶ ಸಾಗುತ್ತಿರುವಾಗ ಯಾರೇ ಬರೆದರೂ ಅದು ಕಳೆದುಹೋಗುವ ಸಂಭವವಿದೆ.

ಮುಚ್ಚಲೇಬೇಕಾದಾಗ ಫಲಕದ ಪುಟವು '503' ಸಂಕೇತದೊಂದಿಗೆ ಹೋಗಬೇಕು. ಇದು ತಾತ್ಕಾಲಿಕ ಅಡಚಣೆಯೆಂದು ಗೂಗಲ್‌ನಂಥ ಶೋಧಯಂತ್ರಗಳಿಗೆ ತಿಳಿಯುವುದು ಅದರಿಂದಲೇ. ಓದುಗರಿಗಾದರೋ ಮತ್ತೆ ತೆರೆಯುವ ವೇಳೆಯನ್ನು ಬರೆದಿಡಬೇಕು. ತೆರೆದ ಮೇಲೆ ಲಾಗಿನ್ ಆಗದ ಬೇರೊಂದು ಬ್ರೌಸರಿನಲ್ಲಿ ಪರಿಶೀಲಿಸಬೇಕು. ಮೇಲೆ ಹೇಳಿದ ಕಾರ್ಯದರ್ಶಿಗಳು ಈಗ ಈ ಕೆಲಸಕ್ಕೆ ಪಕ್ಕದ ಮನೆಯವರ ಮೊಬೈಲನ್ನು ಕೇಳಿ ಪಡೆಯುತ್ತಾರೆ.