ಮಾರೋ ಟೊಮೆಟೊ ಬೇರೆ, ಮನೆಗೆ ಎಂಟು ಗಿಡ ಬೇರೆ

ನಮ್ಮ ಮನೆಯಲ್ಲಿ ವರ್ಷಗಟ್ಟಲೆ ಎರಡು ಎಕರೆ ಟೊಮೆಟೊ ಇತ್ತು. ಸಾರಿಗೆ ಬೇಕಾದಾಗ ಅಮ್ಮ ಅದೇ ಹೊಲದಿಂದ ನಾಲ್ಕು ಹಣ್ಣು ಕಿತ್ತು ತರೋರು. ಒಂದು ಸಲ ಅಪ್ಪ ಹಿಂದಿನ ಸಂಜೆಯಷ್ಟೇ ಔಷಧಿ ಹೊಡೆದಿದ್ರು, ಅಮ್ಮನಿಗೆ ಗೊತ್ತಿರಲಿಲ್ಲ. ಔಷಧಿ ಹೊಡೆದ ಮೇಲೆ ಕೊಯ್ಲಿಗೆ ಎಷ್ಟು ದಿನ ಕಾಯಬೇಕು ಅಂತ ನಾನು ಕಾಲೇಜಿನಲ್ಲಿ ಬಾಯಿಪಾಠ ಮಾಡಿದ್ದೆ. ಮನೆಯಲ್ಲಿ ಮಾತ್ರ ಒಂದು ದಿನವೂ ಹೇಳಿರಲಿಲ್ಲ. ಅವತ್ತು ಪಾತ್ರೆ ತುಂಬ ಸಾರು ಚೆಲ್ಲಿದೆವು.

ಮರುವಾರವೇ ಹಿತ್ತಲಲ್ಲಿ ಎಂಟು ಗಿಡ ನೆಟ್ಟೆ. ಈಗ ನನ್ನ ಬೇಸಾಯವೆಲ್ಲ ಸಾವಯವ. ಆದರೂ ಆ ಎಂಟು ಗಿಡ ತಪ್ಪಿಸಿಲ್ಲ. ನೀವು ಹೊಲಕ್ಕೆ ಔಷಧಿ ಹೊಡೆಯೋರಾದರೆ ನಿಮಗೆ ಇದು ಇನ್ನೂ ಮುಖ್ಯ.

ಯಾವ ತಳಿ?

ಲಾರಿಯಲ್ಲಿ ದೂರ ಹೋಗೋ ಹಣ್ಣಿಗೆ ಸಿಪ್ಪೆ ದಪ್ಪ ಇರಬೇಕು, ಗಟ್ಟಿ ಇರಬೇಕು. ಮನೆಯ ಸಾರಿಗೆ ಅದು ಬೇಕಿಲ್ಲ. ತೆಳು ಸಿಪ್ಪೆಯ, ರಸ ಹೆಚ್ಚಿರುವ, ಹುಳಿಯಾದ ನಾಟಿ ಟೊಮೆಟೊ ಸಾಕು. ಎಲೆ ಮುದುಡು ರೋಗ ಅಥವಾ ಸೊರಗು ರೋಗದ ಕಾಟ ಇರುವ ಕಡೆ ಹೆಸರಘಟ್ಟದ ಐಐಎಚ್‌ಆರ್‌ನ ಅರ್ಕಾ ರಕ್ಷಕ್ ಹಾಕಿ. ಅದು ಹೈಬ್ರಿಡ್, ಹಾಗಾಗಿ ಅದರ ಬೀಜ ಎತ್ತಿಡಬೇಡಿ. ನಾಟಿಯದ್ದಾದರೆ ಚೆನ್ನಾಗಿ ಮಾಗಿದ ಹಣ್ಣಿನ ತಿರುಳನ್ನು ಎರಡು ದಿನ ಹುಳಿಯಲು ಬಿಟ್ಟು, ಬೀಜ ತೊಳೆದು, ನೆರಳಲ್ಲಿ ಒಣಗಿಸಿ ಇಟ್ಟುಕೊಳ್ಳಿ.

ನೆಡುವುದು, ನೋಡಿಕೊಳ್ಳುವುದು

ಸಸಿಗೆ 25ರಿಂದ 30 ದಿನ ಆದಾಗ ನಾಟಿ ಮಾಡಿ. ಕೆಳಗಿನ ಎಲೆ ತೆಗೆದು, ಕಾಂಡದ ಅರ್ಧ ಭಾಗ ಮಣ್ಣೊಳಗೆ ಇಡಿ. ಮುಚ್ಚಿದ ಕಾಂಡದಿಂದಲೂ ಬೇರು ಬರುತ್ತೆ. ಟೊಮೆಟೊ, ಬದನೆ, ಮೆಣಸಿನಕಾಯಿ, ಆಲೂಗೆಡ್ಡೆ ಬೆಳೆದ ಜಾಗ ಬೇಡ, ಸೊರಗು ರೋಗ ಮಣ್ಣಲ್ಲೇ ಉಳಿದಿರುತ್ತೆ. ಜಾಗ ಇಲ್ಲದಿದ್ದರೆ 20 ಲೀಟರ್ ಬಕೆಟ್ ಸಾಕು, ತಳಕ್ಕೆ ತೂತು ಮರೀಬೇಡಿ. ಹೊಲದ ಔಷಧಿ ಗಾಳಿಗೆ ತೇಲಿ ಬರದಷ್ಟು ದೂರದಲ್ಲಿ ನೆಡಿ.

ಎಂಟನ್ನೂ ಒಂದೇ ದಿನ ನೆಡಬೇಡಿ. ಮೊದಲು ನಾಲ್ಕು, ಮೂರು ವಾರ ಬಿಟ್ಟು ಇನ್ನು ನಾಲ್ಕು. ಆಗ ಹಣ್ಣು ಒಟ್ಟಿಗೇ ಬಂದು ಕೊಳೆಯಲ್ಲ.

ಕೇಳಿಬರೋ ತೊಂದರೆ ಮುಖ್ಯವಾಗಿ ಎರಡು:

ಕಾಯಿಯ ತುದಿ ಕಪ್ಪಾಗಿ ಒಳಗೆ ಕುಸಿದರೆ ಅದು ಹುಳದ ಕೆಲಸ ಅಲ್ಲ. ಕಾಯಿಗೆ ಕ್ಯಾಲ್ಸಿಯಂ ತಲುಪಿಲ್ಲ ಅಂತ ಅರ್ಥ. ಒಂದು ದಿನ ಕೆರೆಯಂತೆ ನೀರು, ನಾಲ್ಕು ದಿನ ಬರ, ಹೀಗೆ ಮಾಡಿದರೆ ಮಣ್ಣಲ್ಲಿ ಕ್ಯಾಲ್ಸಿಯಂ ಇದ್ದರೂ ಗಿಡ ಎಳೆದುಕೊಳ್ಳಲ್ಲ. ದಿನಾ ಒಂದೇ ಸಮ ನೀರು ಕೊಡಿ, ಬುಡಕ್ಕೆ ಒಣಹುಲ್ಲು ಮುಚ್ಚಿ.

ಎಲೆ ಮುದುಡಿ ಗಿಡ ಕುಳ್ಳಾದರೆ ಅದು ವೈರಸ್, ಬಿಳಿನೊಣ ಹರಡುತ್ತೆ. ಇದಕ್ಕೆ ಮದ್ದಿಲ್ಲ. ಮನಸ್ಸು ಗಟ್ಟಿ ಮಾಡಿ ಆ ಗಿಡ ಕಿತ್ತು ಹಾಕಿ, ಉಳಿದವು ಉಳೀತಾವೆ. ಹಳದಿ ಅಂಟುಹಾಳೆ ಮೊದಲೇ ಕಟ್ಟಿ, ವಾರಕ್ಕೊಮ್ಮೆ ಸಂಜೆ ಹೊತ್ತು ಬೇವಿನೆಣ್ಣೆ ಸಿಂಪಡಿಸಿ. ಲೀಟರ್ ನೀರಿಗೆ 5 ಮಿಲಿ ಎಣ್ಣೆ, ಬೆರೆಯಲು ಸ್ವಲ್ಪ ಸೋಪಿನ ನೀರು.

ಅಡುಗೆಮನೆಗೆ

ಕಾಯಿ ಕೆಂಪಿಗೆ ತಿರುಗಲು ಶುರುವಾದಾಗಲೇ ಕಿತ್ತರೆ ಮನೆಯೊಳಗೆ ಹಣ್ಣಾಗುತ್ತೆ, ಹಕ್ಕಿ-ಹುಳದ ಪಾಲಾಗಲ್ಲ. ಪೂರ್ತಿ ಹಣ್ಣಾಗೋ ಮೊದಲು ಫ್ರಿಜ್‌ಗೆ ಇಡಬೇಡಿ, ಚಳಿಗೆ ಪರಿಮಳ ಹೋಗುತ್ತೆ. ಹಸಿರು ಕಾಯಿಯನ್ನು ಹಸಿಮೆಣಸಿನಕಾಯಿ, ಕಡಲೆಬೀಜದ ಜೊತೆ ಹುರಿದು ಚಟ್ನಿ ಮಾಡಿದರೆ ರಾಗಿರೊಟ್ಟಿಗೆ ಬೇರೇನೂ ಬೇಡ.

ಹಣ್ಣು ಹೆಚ್ಚಾದರೆ ತೊಕ್ಕು ಮಾಡಿ. ಒಂದು ಕೆಜಿ ಹಣ್ಣಿಗೆ ನಿಂಬೆಗಾತ್ರ ಹುಣಸೆಹಣ್ಣು, ಉಪ್ಪು, ಖಾರದ ಪುಡಿ, ಹುರಿದ ಮೆಂತ್ಯ-ಸಾಸಿವೆ ಪುಡಿ. ನೀರೆಲ್ಲ ಇಂಗಿ ಎಣ್ಣೆ ಮೇಲೆ ತೇಲೋವರೆಗೂ ಬಾಡಿಸಿ. ಆರಿದ ಮೇಲೆ ಒಣಗಿದ ಗಾಜಿನ ಬಾಟಲಿಗೆ ಹಾಕಿ ಫ್ರಿಜ್‌ನಲ್ಲಿಡಿ, ಒದ್ದೆ ಚಮಚ ಮುಟ್ಟಿಸಬೇಡಿ.

2023ರ ಜುಲೈನಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ 15 ಕೆಜಿ ಬಾಕ್ಸ್ 2,000 ರೂಪಾಯಿ ದಾಟಿತ್ತು. ಕಿತ್ತ ಕೂಲಿಯೂ ಹುಟ್ಟದೆ ರಸ್ತೆಗೆ ಸುರಿದ ದಿನಗಳನ್ನೂ ನಾವು ನೋಡಿದ್ದೀವಿ. ರೇಟು ನಮ್ಮ ಕೈಲಿಲ್ಲ. ಮನೆಯೋರ ತಟ್ಟೆಗೆ ಏನು ಬೀಳುತ್ತೆ ಅನ್ನೋದು ನಮ್ಮ ಕೈಲಿದೆ. ಈ ವಾರ ಹೊಲಕ್ಕೆ ಔಷಧಿ ಹೊಡೆದಿದ್ದರೆ, ಡಬ್ಬಿಯ ಮೇಲಿನ ಕಾಯೋ ದಿನ ಎಷ್ಟು ಅಂತ ಓದಿ, ಅಡುಗೆ ಮಾಡೋರಿಗೆ ಇವತ್ತೇ ಹೇಳಿ. ಗಿಡ ನಾಳೆ ನೆಟ್ಟರಾಯ್ತು.