ಇದ್ಯಾವ ಕೆರೆ ಮಗಾ?

ವಾರವಿಡೀ ಕೋಡ್ ಬರೆಯೋ ನನಗೆ ಕುಂಚ ಹಿಡಿಯೋಕೆ ಬಿಡುವು ಭಾನುವಾರ ಮಾತ್ರ. ಕಳೆದ ಡಿಸೆಂಬರ್‌ನಲ್ಲಿ ಸಾತನೂರು ದಾರಿಯಾಗಿ ಮುತ್ತತ್ತಿಗೆ ಹೋದಾಗ ಮೊಬೈಲ್‌ನಲ್ಲಿ ತೆಗೆದ ಫೋಟೋ ನೋಡಿಕೊಂಡು ಕಾವೇರಿ, ಬಂಡೆ, ಹೊಳೆಮತ್ತಿ ಮರ ಎಲ್ಲಾ ಜಲವರ್ಣದಲ್ಲಿ ಬರೆದೆ. ಮಳವಳ್ಳಿಯ ಅಜ್ಜಿಗೆ ತೋರಿಸಿದೆ. ಮಂಡಿನೋವಿನಿಂದಾಗಿ ಅವರು ಮುತ್ತತ್ತಿರಾಯನ ದರ್ಶನಕ್ಕೆ ಹೋಗಿ ಎಷ್ಟೋ ವರ್ಷ ಆಗಿದೆ.

"ಚೆನ್ನಾಗೈತೆ. ಇದ್ಯಾವ ಕೆರೆ ಮಗಾ?" ಅಂದ್ರು.

ಫೋಟೋವನ್ನ ಕಣ್ಮುಚ್ಚಿ ನಂಬಿದ್ದೇ ನನ್ನ ತಪ್ಪು. ಬಿಸಿಲ ಆಕಾಶಕ್ಕೆ ಹೊಂದಿಕೊಂಡ ಕ್ಯಾಮೆರಾ ಮರದಡಿಯ ನೆರಳನ್ನ ಬರೀ ಕಪ್ಪು ಮಾಡಿತ್ತು. ಹರಿಯೋ ನೀರನ್ನ ಗಾಜಿನ ಹಾಗೆ ನಿಲ್ಲಿಸಿಬಿಟ್ಟಿತ್ತು. ರುಮಾಲೆ ಚನ್ನಬಸವಯ್ಯ (1910–1988) ಮರಗಳ ಎದುರೇ ಕೂತು ಚಿತ್ರ ಬರೀತಿದ್ದದ್ದು ಯಾಕೆ ಅಂತ ಆಗ ಅರ್ಥವಾಯ್ತು.

ಮತ್ತೆ ಹೋದೆ. ಪೆನ್ಸಿಲ್ ಹಿಡಿದು ಒಂದು ಗಂಟೆ ದಡದಲ್ಲೇ ಕೂತೆ. ನೆರಳಲ್ಲೂ ಹಸಿರು, ನೇರಳೆ ಕಾಣಿಸ್ತು. ಬಂಡೆ ಬಳಸಿ ನೀರು ತಿರುಗೋ ಗೆರೆಗಳನ್ನಷ್ಟೇ ಗುರುತು ಹಾಕಿಕೊಂಡೆ. ಬಣ್ಣ ಹಚ್ಚಿದ್ದು ಮನೇಲೇ, ಪಕ್ಕದಲ್ಲಿ ಅದೇ ಹಳೇ ಫೋಟೋ ಇಟ್ಕೊಂಡು.

ಅಜ್ಜಿ ಕನ್ನಡಕ ಹಾಕಿಕೊಂಡು ತುಂಬಾ ಹೊತ್ತು ನೋಡಿದ್ರು. ಬಂಡೆಯ ಪಕ್ಕ ಬೆರಳಿಟ್ಟು, "ಇಲ್ಲಿ ಇಳೀಬ್ಯಾಡ ಕಣಪ್ಪಾ, ಸುಳಿ ಐತೆ" ಅಂದ್ರು.